ಮಾಡಿನ ಮೇಲೆ ಆಡು

ಮೊದಲು ಒಡೆದದ್ದು ಸಿಂಪ್ರೊಸಾ ಬಾಯಿಯ ಅಡಿಗೆಕೋಣೆಯ ಹಂಚು.
ಕಳ್ಳನೆಂದು ಟಾರ್ಚು ಬಿಟ್ಟರೆ
ತೂತಿನಲ್ಲಿ ಎರಡು ನಕ್ಷತ್ರ,
ನಕ್ಷತ್ರಕ್ಕೆ ಅಡ್ಡಗೆರೆ,
ಆಮೇಲೆ ಗಡ್ಡ.

"ಗಡ್ಡ ಕಂಡು ಒಂದು ಗಳಿಗೆ
ತೀರಿಹೋದ ಗಂಡನೆಂದೇ ಎಣಿಸಿದೆ, ಮಾರಾಯ"
ಅಂದಳು ಬೆಳಿಗ್ಗೆ, ನನಗೆ ಚಾ ಕೊಡುತ್ತ.
ಏಣಿ ಒರಗಿಸಿ ಹತ್ತಿದೆ.
ಎರಡು ಹಂಚು, ಒಂದು ರೀಪು. ಇನ್ನೂರೈವತ್ತು ರೂಪಾಯಿ.

ಹೊಯ್ಗೆಬಜಾರಿನಲ್ಲಿ ಮಾಡಿಗೆ ಹತ್ತುವವ ಈಗ ನಾನೊಬ್ಬ.
ಉಳಿದವರು ಸ್ಲ್ಯಾಬಿನ ಕೆಲಸಕ್ಕೆ ಹೋದರು,
ಸ್ಲ್ಯಾಬು ಸೋರುತ್ತದೆಂದು
ಅದರ ಮೇಲೆ ತಗಡು ಹಾಕುವ ಕೆಲಸಕ್ಕೆ ಕೆಲವರು.

ಆಡುಗಳು ಕೊಕ್ಕರೆ ಮಾರ್ಕಿನ ಹಂಚಿನ ಕಾರ್ಖಾನೆಯವು.
ಬೀಗ ಬಿದ್ದು ಹದಿನಾಲ್ಕು ವರ್ಷ. ಕೇಸು ಕೋರ್ಟಿನಲ್ಲಿ,
ಅಶ್ವತ್ಥ ಚಿಮಿಣಿಯಲ್ಲಿ.
ವಾಚ್‌ಮನ್ ಮೋನಬ್ಬ ಸಾಕಿದ್ದು ಮೂರೇ ಮೂರು.
ಸಂಬಳ ನಿಂತ ಮೇಲೆ ಉಪ್ಪಳಕ್ಕೆ, ಮಗಳ ಮನೆಗೆ ಹೋದವ
ಹಗ್ಗ ಬಿಚ್ಚಿ ಹೋದ.
ಮೂರು ನಲ್ವತ್ತಾಯಿತು.
ಮನುಷ್ಯರ ದನಿ ಕೇಳದೆ ಹುಟ್ಟಿದವು, ಈದವು,
ಆರಿದ ಭಟ್ಟಿಯೊಳಗೆ ಮಳೆಗಾಲ ಕಳೆದವು.
ಈ ಮೇ ತಿಂಗಳು ನದಿಬದಿಯ ಗೋಡೆ ಕುಸಿದಾಗ
ಸಾಲಾಗಿ ಹೊರಗೆ ಬಂದವು,
ಸೈರನು ಕೇಳಿ ಕೆಲಸ ಬಿಟ್ಟವರ ಹಾಗೆ.

ಆಡು ಮುಟ್ಟದ ಸೊಪ್ಪಿಲ್ಲ, ಅದು ಗೊತ್ತಿತ್ತು.
ಲೋಲಾಕ್ಷಿ ಹರಡಿದ ಒಣಮೀನು ಬಿಟ್ಟು
ಚಾಪೆಯ ಉಪ್ಪು ಮಾತ್ರ ನೆಕ್ಕುತ್ತವೆಂದು ಗೊತ್ತಿರಲಿಲ್ಲ.
ದಡಕ್ಕೆಳೆದ ದೋಣಿಗಳ ಬದಿ ನೆಕ್ಕಿದವು,
ದುಡಿದು ಬಂದ ಸುಕೇಶನ ಮೊಣಕೈ ನೆಕ್ಕಿತಂತೆ ಒಂದು.
ಬ್ಯಾನರಿನಲ್ಲಿ ಕೈಮುಗಿದ ಅಭ್ಯರ್ಥಿಯ
ಒಂದು ಕೈ ತಿಂದವು.
ಉಳಿದ ಕೈ ಈಗ ಕಪಾಳಕ್ಕೆ ಎತ್ತಿದಂತೆ ಕಾಣುತ್ತದೆ.

ಕಾರ್ಪೊರೇಶನಿನ ಫಾರಮ್ಮಿನಲ್ಲಿ
ನಾಯಿ ಉಂಟು, ದನ ಉಂಟು, ಆಡಿಗೆ ಕಾಲಮ್ಮಿಲ್ಲ.
ಅರಣ್ಯದವರು: ಕಾಡಿನದ್ದಲ್ಲ.
ಪಶುವೈದ್ಯರು: ಸಾಕಿದ್ದಲ್ಲ.
ಮಾಂಸದಂಗಡಿಯ ಪುತ್ತುಮೋನು ಕತ್ತಿ ಒರಸುತ್ತ ಹೇಳಿದ,
"ಯಜಮಾನ ಬದುಕಿದ್ದಾನಲ್ಲ. ಕೇಳದೆ ಕೊಯ್ದರೆ
ನನ್ನ ಗಂಟಲಲ್ಲಿ ಇಳಿಯುದಿಲ್ಲ."

ಅಷ್ಟರಲ್ಲಿ ನನಗೆ ದಿನಕ್ಕೆ ನಾಲ್ಕು ಮನೆ.
ಸುಳ್ಳು ಯಾಕೆ, ಹೊಸ ಏಣಿ ತಗೊಂಡೆ.
ರಾತ್ರಿ ಮಲಗಿದಲ್ಲಿ ದೂರದ ಮಾಡಿನಿಂದ
ಟಕ್ ಟಕ್ ಕೇಳಿದರೆ ಲೆಕ್ಕ ಹಾಕುತ್ತಿದ್ದೆ:
ಅದು ಗಟ್ಟಿ, ಅದು ಗಟ್ಟಿ,
ಅದು ಹೋಯಿತು.

ಒಮ್ಮೆ ಮೋಂತುಗೋಡಿಯಲ್ಲಿ ಎದುರೆದುರಾದೆವು,
ಹೋತ ಮತ್ತು ನಾನು.
ಹಿಂದೆ ಅಳಿವೆ, ಅಳಿವೆಯಾಚೆ ಕಡಲು.
ಅದು ಮೂಸಿತು. ನನ್ನಲ್ಲೂ ಉಪ್ಪಿತ್ತು.
ಕಾಲಿಡುವುದು ಎಲ್ಲಿ, ಇಬ್ಬರಿಗೂ ಗೊತ್ತು:
ರೀಪಿನ ಮೇಲೆ, ಹಂಚು ಹಂಚು ಸೇರುವಲ್ಲಿ.
ಮರಿಗಳಿಗೆ ಗೊತ್ತಿಲ್ಲ. ಒಡೆಯುವುದು ಅವೇ.
ನಾನೂ ಕಲಿಯುವಾಗ ಎಷ್ಟು ಒಡೆದಿದ್ದೆ!
ಅದು ದಾರಿ ಬಿಡಲಿಲ್ಲ. ನಾನೇ ಹಿಂದೆ ಸರಿದೆ.

ಉಪಾಯ ಹೊಳೆದದ್ದು ಲೋಲಾಕ್ಷಿಗೆ.
ಹರಿದ ಟ್ರಾಲ್ ಬಲೆಗಳನ್ನು ಮಾಡಿಗೆ ಹೊದೆಸಿದಳು.
ಕಾಲಡಿಗೆ ಬಲೆ ಬಂದರೆ ಆಡು ನಿಲ್ಲುವುದಿಲ್ಲ.
ಈಗ ಕೇರಿಯ ಮಾಡುಗಳೆಲ್ಲ ಬಲೆ ಹೊದ್ದು
ದಡಕ್ಕೆಳೆದ ದೊಡ್ಡ ಮೀನುಗಳ ಹಾಗೆ ಮಲಗುತ್ತವೆ.
ಬಲೆ ಕಟ್ಟಿದವನೂ ನಾನೇ.
ಕೂಲಿ ಸಿಕ್ಕಿತು, ಕೆಲಸ ಹೋಯಿತು.

ಮೊದಲ ಮಳೆಗೆ ಹದಿನಾರು ಆಡು
ಸಿಂಪ್ರೊಸಾ ಬಾಯಿಯ ಜಗಲಿಯಲ್ಲಿ ನಿಂತಿದ್ದವು.
"ಹಚಾ" ಅಂದಳು, ಎರಡು ಸಲ.
ಮತ್ತೆ ಒದ್ದೆಯಾಗದಂತೆ ಕುರ್ಚಿ ಒಳಗಿಟ್ಟು
ಬಾಗಿಲು ಹಾಕಿದಳು.

ಉಪ್ಪಳಕ್ಕೆ ಫೋನು ಮಾಡಿದ್ದು ಆ ಸಂಜೆ.
ಕೊಯ್ಯಲೋ, ಕಟ್ಟಲೋ, ನೀವೇ ಹೇಳಿ ಅಂದೆ.
ಮೋನಬ್ಬನಿಗೆ ಕಿವಿ ಮಂದ.
ತುಂಬ ಹೊತ್ತು ಬರೀ ಮಳೆಯ ಸದ್ದು,
ಅಲ್ಲಿಯದೋ ಇಲ್ಲಿಯದೋ.
ಆಮೇಲೆ ಕೇಳಿದ:
"ಒಂದು ಕಿವಿ ಕಪ್ಪಿದ್ದದ್ದು, ಅದು ಉಂಟಾ?"

ಹದಿನಾಲ್ಕು ವರ್ಷ. ಆಡಿನ ಆಯುಸ್ಸು ಎಷ್ಟೆಂದು
ಅವನಿಗೆ ನಾನು ಹೇಳಬೇಕಾ?
ಜಗಲಿಯತ್ತ ನೋಡಿದೆ.
ಒಂದಕ್ಕೆ ಎಡಕಿವಿ ಕಪ್ಪು. ಮರಿಯೊಂದಕ್ಕೆ ಬಲ.
ಕತ್ತಲಲ್ಲಿ ಎಲ್ಲದಕ್ಕೂ.

"ಉಂಟು" ಅಂದೆ.
ಯಾವುದೆಂದು ಅವ ಕೇಳಲಿಲ್ಲ.