ಅಕ್ಷರಕ್ಕೆ ಹದಿನೆಂಟು

ಅಕ್ಷರಕ್ಕೆ ಹದಿನೆಂಟು ರೂಪಾಯಿ ಎಂದು ಮಾತಾಯಿತು.
ಒತ್ತಿಗೆ ಬೇರೆ ಕಾಸಿಲ್ಲ, ಎಂದರು ಕರೆಸ್ಪಾಂಡೆಂಟ್ ಚಂಗಪ್ಪನವರು
ಕನ್ನಡಕದ ಮೇಲಿಂದ ನೋಡುತ್ತ.
ಸಾರ್, ಬ್ರಿ ಬರೆಯಲು ಎರಡು ಸಲ ಕುಂಚ ಅದ್ದಬೇಕು.
ಓದಲು ಒಂದೇ ಸಲ ಬಾಯಿ ಬಿಟ್ಟರೆ ಸಾಕಲ್ಲವೇನೋ ಮೊಯ್ದು?
ಅಲ್ಲಿಗೆ ಮುಗಿಯಿತು.

ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೆ
ಎರಡನೇ ತಿರುವಿನಲ್ಲಿ ಶಾಲೆ. ಈ ವರ್ಷ ಅರವತ್ತು ತುಂಬಿತು.
ಸಭಾಂಗಣದ ಗೋಡೆಗೆ ಹತ್ತಡಿಯ ಬೀಟೆ ಹಲಗೆ,
ಅದರ ಮೇಲೆ ಚಿನ್ನದ ಬಣ್ಣದಲ್ಲಿ, ಶಾಲೆಗೆ ಕೀರ್ತಿ ತಂದವರು:
ಟೈಪು ಮಾಡಿದ ಪಟ್ಟಿ, ನಲವತ್ತೊಂದು ಹೆಸರು.

ಸುಣ್ಣದ ದಾರ ಬಿಗಿದು ಚಿಮ್ಮಿ ಗೆರೆ ಹಾಕಿದೆ.
ಮೊದಲು ಸೈನ್ಯ. ಬ್ರಿಗೇಡಿಯರ್ ಮಾಳೆಯಂಡ ಮೊಣ್ಣಪ್ಪ.
ಹೆಸರಿಗಿಂತ ಹುದ್ದೆ ಉದ್ದವಿದ್ದವರು ನನಗಿಷ್ಟ,
ಮಗಳ ಸ್ಕೂಲ್ ಬ್ಯಾಗು ಅವರಿಂದಲೇ ಬರಬೇಕು.
ಆಮೇಲೆ ಹಾಕಿಯ ಉತ್ತಯ್ಯ,
ದೇಶದ ತಂಡದ ಜೊತೆ ಹೊರದೇಶಕ್ಕೆ ಹೋಗಿ
ಹದಿನೈದು ದಿನ ಬೆಂಚು ಬಿಸಿ ಮಾಡಿ ಬಂದವನು.
ಹಲಗೆಯಲ್ಲಿ ಬೆಂಚಿನ ಸುದ್ದಿಯಿಲ್ಲ.
ಕಣ್ಣಿನ ಡಾಕ್ಟರ್ ದೇಚಮ್ಮ.
ಕರಿಹಲಗೆ ಕಾಣದೆ ನನ್ನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಳು,
ನನ್ನ ತಪ್ಪುಗಳನ್ನೂ.

ಹೌದು, ನಾನೂ ಇಲ್ಲೇ.
ಅಪ್ಪ ಹಾಸ್ಟೆಲಿಗೆ ಮೀನು ಹಾಕುತ್ತಿದ್ದರು,
ಫೀಸು ಮೀನಿನ ಬಿಲ್ಲಿನಲ್ಲೇ ವಜಾ.
ಮೀನಿನ ಕಂಟ್ರಾಕ್ಟು ಬೇರೆಯವನಿಗೆ ಹೋದ ವರ್ಷ
ನಾನು ಏಳನೇ ಕ್ಲಾಸಿಗೆ ಹೋಗಲಿಲ್ಲ.

ಸಿಬ್ಬಂದಿಯ ಸಾಲಿನಲ್ಲಿ ಮೂವರು ಹೆಡ್‌ಮಾಸ್ಟರು,
ಮತ್ತೆ ಡ್ರಿಲ್ ಮೇಷ್ಟ್ರು ಬೆಳ್ಯಪ್ಪ. ಅವರು ಯಾರನ್ನೂ ಹೆಸರು ಹಿಡಿದು ಕರೆದದ್ದಿಲ್ಲ.
ಒಬ್ಬೊಬ್ಬನಿಗೆ ಒಂದೊಂದು ಸೀಟಿ.
ನನ್ನದು ಎರಡು ಗಿಡ್ಡ, ಒಂದು ಉದ್ದ.
ಕುಂಚ ಹಿಡಿದಾಗ ಅದು ಕಿವಿಯಲ್ಲಿ ಊದಿತು, ತಿರುಗಿಯೂ ನೋಡಿದೆ.

ಇಪ್ಪತ್ತೇಳನೆಯ ಹೆಸರು ಅಚ್ಚಯ್ಯ, ಟಿಂಬರ್ ಉದ್ಯಮಿ, ದಾನಿ.
ಬರೆದು ಬಣ್ಣ ಒಣಗುವ ಮೊದಲೇ
ಅವನ ಲಾರಿ ಆನೆಚೌಕೂರಿನ ಗೇಟಿನಲ್ಲಿ ಸಿಕ್ಕಿಬಿತ್ತು:
ಮೇಲೆ ಶುಂಠಿ ಮೂಟೆ, ಕೆಳಗೆ ಬೀಟೆ ದಿಮ್ಮಿ.
ಅಳಿಸು, ಎಂದರು ಚಂಗಪ್ಪನವರು, ಬಾಗಿಲು ಹಾಕಿಕೊಂಡು.
ಅಳಿಸಲೂ ಅಕ್ಷರಕ್ಕೆ ಹದಿನೆಂಟು, ಎಂದೆ.
ಈ ಸಲ ಚೌಕಾಸಿಯಿಲ್ಲ.
ಒತ್ತಿಗೂ ಕೊಟ್ಟರು.

ಟರ್ಪೆಂಟೈನಿನಲ್ಲಿ ಒರೆಸಿದೆ. ಚಿನ್ನ ಹೋಯಿತು.
ಸಂಜೆ ಕಿಟಕಿಯ ಬಿಸಿಲು ಓರೆಯಾಗಿ ಬಿದ್ದರೆ
ಅಚ್ಚಯ್ಯ ಮಬ್ಬಾಗಿ ಮೇಲೆದ್ದು ಬರುತ್ತಾನೆ.
ಹಲಗೆ ಅವನೇ ಕೊಟ್ಟದ್ದು.
ಆ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅನಾವರಣದ ದಿನ ನಂಜರಾಯಪಟ್ಟಣದಿಂದ ಬಸ್ಸು ಹತ್ತಿ
ಲಲಿತಾಂಗಿ ಮಿಸ್ ಬಂದಿದ್ದರು.
ಕನ್ನಡಕ್ಕೆ ಮೂರು ವರ್ಷ, ತಾತ್ಕಾಲಿಕ ಹುದ್ದೆ.
ಒತ್ತು ಅಂದರೆ ಅಕ್ಷರದ ಕಾಲ ಹತ್ತಿರ ಕೂತ ಮಗು,
ತುಳಿಯಬೇಡ, ಬಿಟ್ಟೂ ಹೋಗಬೇಡ, ಎನ್ನುತ್ತಿದ್ದವರು.

ಬೆರಳೆತ್ತಿ ಹಲಗೆಯ ಮೇಲಿಂದ ಓದತೊಡಗಿದರು.
ತಮ್ಮ ಹೆಸರು ಹುಡುಕುತ್ತಿದ್ದಾರೆ ಎಂದುಕೊಂಡು ನನಗೆ ನಾಚಿಕೆ.
ನಾಲ್ಕೇ ಅಕ್ಷರ, ಒಂದೂ ಒತ್ತಿಲ್ಲ,
ಎಪ್ಪತ್ತೆರಡು ರೂಪಾಯಿ. ಜೇಬು ಮುಟ್ಟಿ ನೋಡಿಕೊಂಡೆ.

ಬೆರಳು ಬ್ರಿಗೇಡಿಯರ್ ಬಳಿ ನಿಂತಿತು.
ಸ್ವತಃ ಬ್ರಿಗೇಡಿಯರೂ ಕಾಫಿ ಲೋಟ ಹಿಡಿದು
ಪಕ್ಕದಲ್ಲೇ ನಿಂತಿದ್ದರು.
ಮೊಯ್ದು, ‘ನಿವೃತ’ ಅಂದರೇನೋ?
ತಕಾರದ ಒತ್ತು ಎಲ್ಲಿ ಹೋಯಿತು?

ಎಲ್ಲರೂ ಊಟಕ್ಕೆ ಎದ್ದ ಮೇಲೆ
ಸ್ಟೋರಿನಿಂದ ಏಣಿ ತಂದೆ, ಡಬ್ಬಿಯ ತಳ ಕೆರೆದೆ.
ಕೂಲಿಯಿಲ್ಲದ ಒಂದು ಒತ್ತು.
ನೆಲ ನುಣುಪು, ಏಣಿ ಜಾರುತ್ತಿತ್ತು.
ಕೆಳಗೆ ಹಿಡಿದುಕೊಂಡವರು
ಅವರೇ.