ಇಂದಿನ ದರ

ಸೋಮವಾರ ಎಂಟುನೂರೈವತ್ತು ಇತ್ತು.
ಕೌಂಟರಿನ ಹಿಂದಿನ ಕರಿಹಲಗೆಯಲ್ಲಿ
ಡಬಲ್ ರೂಮು, ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು,
ನನ್ನದೇ ಅಕ್ಷರ, ಎಂಟರ ಬಾಲ ಸ್ವಲ್ಪ ಉದ್ದ.

ಮಂಗಳವಾರ ಗೋಪಿ ಸರ್ಕಲ್ಲಿನಲ್ಲಿ ಟೈರು ಹೊತ್ತಿತು.
ಜೋಗ ನೋಡಲು ಬರಬೇಕಿದ್ದ ಗದಗಿನ ಹದಿನಾಲ್ಕು ಜನ
ಫೋನು ಮಾಡಿ, "ಟಿವಿಯಾಗ ನಿಮ್ಮೂರು ನೋಡಿದ್ವಿ ಬಿಡ್ರೀ,
ಅಷ್ಟು ಸಾಕು" ಅಂದರು.
ಮಾಲೀಕರು ವಿನೋಬನಗರದ ಮನೆಯಿಂದಲೇ ಹೇಳಿದರು:
"ಆರುನೂರು ಮಾಡು ಶಶಿರೇಖಾ,
ಖಾಲಿ ಮಂಚ ಏನು ಮರಿ ಹಾಕುತ್ತಾ?"

ಒದ್ದೆ ಬಟ್ಟೆಯಲ್ಲಿ ಒರೆಸಿ ಬರೆದೆ.
ಬುಧವಾರ ನಾನೂರು.
ಗುರುವಾರ ನಿಷೇಧಾಜ್ಞೆ, ಇನ್ನೂರೈವತ್ತು.
ಒರೆಸಿದ ಅಂಕಿ ಪೂರ್ತಿ ಹೋಗುವುದಿಲ್ಲ,
ಓರೆಯಾಗಿ ನಿಂತು ನೋಡಿದರೆ
ಒಂದರ ಬೆನ್ನಿಗೆ ಒಂದು ಕೂತಿರುತ್ತವೆ.

ಐದು ಜನ ಗುಂಪು ಸೇರುವಂತಿಲ್ಲ ಎಂದು ಜೀಪು ಕೂಗಿಕೊಂಡು ಹೋಯಿತು.
ಸೇರಲು ನಮ್ಮಲ್ಲಿ ಇದ್ದವರಾದರೂ ಯಾರು?
ನಾನು, ರೂಮ್ ಬಾಯ್ ಹಾಲೇಶಿ,
ನೂರಾ ಮೂರರಲ್ಲಿ ಸಿಕ್ಕಿಬಿದ್ದ ದಾವಣಗೆರೆಯ ಬನಿಯನ್ ಏಜೆಂಟು,
ಮೆಟ್ಟಿಲ ಕೆಳಗಿನ ಕುಂಟ ಬೆಕ್ಕನ್ನು ಹಿಡಿದರೂ ನಾಲ್ಕೇ.

ಬೆಳಿಗ್ಗೆ ಒಂದು ಬಾವುಟ ಹೋಯಿತು, ಸಂಜೆ ಇನ್ನೊಂದು.
ಎರಡೂ ಕಡೆಯ ಹುಡುಗರು
ಅರ್ಧ ಇಳಿಸಿದ ಶಟರಿನಡಿ ತಲೆ ತೂರಿಸಿ ಕೇಳಿದ್ದು ಒಂದೇ:
"ಅಕ್ಕಾ, ಚಾರ್ಜರ್ ಇದೆಯಾ, ಸಣ್ಣ ಪಿನ್ನು?"

ಅದೇ ಶಟರಿನಡಿ ಬಗ್ಗಿ ಬಂದಳು ಚೌಡಮ್ಮ,
ರಿಪ್ಪನ್‌ಪೇಟೆಯ ಕಡೆಯವಳು.
ಮಗಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿ
ಕೂಸು ಗಾಜಿನ ಪೆಟ್ಟಿಗೆಯಲ್ಲಿ.
ಮೆಗ್ಗಾನ್ ಆಸ್ಪತ್ರೆಯ ಜಗಲಿಯಲ್ಲಿ
ಪೇಪರು ಹಾಸಿ ಆರು ರಾತ್ರಿ ಕಳೆದಿದ್ದಳು,
ಸೊಂಟದಲ್ಲಿ ಮಗಳ ಮೊದಲ ಮಗು, ಮೂಗು ಸೋರುತ್ತಿತ್ತು.
ಇಲ್ಲಿ ರೇಟು ಇಳಿದಿದೆ ಎಂದು ಬೀಟಿನ ಪೇದೆ ಹೇಳಿದನಂತೆ.
ಹಲಗೆ ಓದಲು ಬರದು; ನನ್ನ ಬಾಯಿ ನೋಡಿ
"ಇನ್ನೂರೈವತ್ತು" ಎಂದು ತಾನೂ ಒಮ್ಮೆ ಹೇಳಿಕೊಂಡು
ಸೆರಗಿನ ಗಂಟು ಬಿಚ್ಚಿದಳು.
"ನಾಳೆ ಇನ್ನೂ ಇಳೀತದಾ?"

ನೂರಾ ಏಳು ಕೊಟ್ಟೆ.
ಹಾಲೇಶಿ ಒಗೆದು ಹಾಸಿದ್ದ ಬೆಡ್‌ಶೀಟಿನ ಮೇಲೆ
ಮಾಸೀತು ಎಂದು ತನ್ನ ಹಳೇ ಸೀರೆ ಹಾಸಿ
ಅದರ ಮೇಲೆ ಮಗುವನ್ನು ಮಲಗಿಸಿದಳು.
ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ.
ಈ ಜಗಳದಲ್ಲಿ ಒಂದು ಕೂಸಿಗೆ ಮಂಚ ಸಿಕ್ಕಿತು.

ಶುಕ್ರವಾರ ರಾತ್ರಿ ನೆಹರೂ ರಸ್ತೆಯಲ್ಲಿ ಲಾಠಿ.
ಚಪ್ಪಲಿ ಬಿಟ್ಟು ಓಡುವ ಸದ್ದು, ಯಾರದೋ ಗಾಜು.
ಏಜೆಂಟು ಬಾಗಿಲಿಗೆ ಕುರ್ಚಿ ಒತ್ತಿಟ್ಟುಕೊಂಡ.
ಚೌಡಮ್ಮ ಕೆಳಗಿಳಿದು ಬಂದು ನನ್ನ ಪಕ್ಕ ಕೂತಳು.
"ಈ ಗಲಾಟೆ ಇನ್ನೆಷ್ಟು ದಿನ ಇದ್ದೀತು ಅವ್ವಾ?"
"ಮುಗೀತದೆ, ಒಂದೆರಡು ದಿನ" ಅಂದೆ, ಸಮಾಧಾನಕ್ಕೆ.
ಅವಳು ಬೆರಳ ಗೆಣ್ಣು ಎಣಿಸಿದಳು.
ಕೂಸನ್ನು ಪೆಟ್ಟಿಗೆಯಿಂದ ತೆಗೆಯಲು ಇನ್ನೂ ಒಂಬತ್ತು ದಿನ.
ನನ್ನ ಸಮಾಧಾನ ಅವಳಿಗೆ ತಾಗಿದ ರೀತಿ
ನನಗೆ ಆಗ ಹೊಳೆಯಲಿಲ್ಲ.

ಭಾನುವಾರ ಶಾಂತಿ ಸಭೆ. ಕೈ ಕುಲುಕಿದರು,
ಶಾಲು ಹೊದ್ದರು, ಫೋಟೋ ತೆಗೆಸಿಕೊಂಡರು.
ಸೋಮವಾರ ಸಾಗರದ ಬಸ್ಸು ಹಾರನ್ನು ಹೊಡೆಯಿತು,
ಗದಗಿನವರು ಮತ್ತೆ ಫೋನು ಮಾಡಿದರು.
"ಒಂಬೈನೂರು ಮಾಡು," ಮಾಲೀಕರು,
"ವಾರದ ನಷ್ಟ ಯಾರಪ್ಪ ತುಂಬ್ತಾನೆ?"
ಬರೆದೆ. ಸಂಬಳ ಅವರದು.
ಸೀಮೆಸುಣ್ಣ ಎರಡು ಸಲ ಮುರಿಯಿತು, ಹಾಗೇನೂ ಅರ್ಥವಿಲ್ಲ,
ತೇವ ಹಿಡಿದಿತ್ತು.

ಚೌಡಮ್ಮ ಚೌಕಾಸಿ ಮಾಡಲಿಲ್ಲ.
ಬೀಗದ ಕೈ ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟಳು,
ಮಗುವನ್ನು ಸೊಂಟಕ್ಕೇರಿಸಿಕೊಂಡಳು.
ಈಗ ಶಟರು ಪೂರ್ತಿ ಮೇಲಿತ್ತು, ಆದರೂ
ಅಭ್ಯಾಸಕ್ಕೆ ಬಗ್ಗಿಯೇ ದಾಟಿ
ತಿರುಗಿ ನಿಂತು ಕೇಳಿದಳು:

"ಮತ್ತೆ ಗಲಾಟೆ ಆದ್ರೆ
ಒಂದು ಮಾತು ಹೇಳಿ ಕಳಿಸ್ತೀಯಾ?"

ಹೂಂ ಅಂದುಬಿಟ್ಟೆ.