ನಾಲ್ಕೂ ಹತ್ತರ ರೈಲು

ನ್ಯೂಫೌಂಡ್‌ಲ್ಯಾಂಡಿನ ರೈಲು ಎಷ್ಟು ನಿಧಾನವೆಂದರೆ
ಮೊದಲ ಡಬ್ಬಿಯಿಂದಿಳಿದು, ಬೊಗಸೆ ತುಂಬ ಕಾಡುಹಣ್ಣು ಕಿತ್ತು
ಕೊನೇ ಡಬ್ಬಿ ಹತ್ತಬಹುದಿತ್ತಂತೆ.
ಲಿಯಾಂಡರ್ ಪೆಲ್ಲಿ ಆಣೆ ಮಾಡುತ್ತಾನೆ,
ಬಾಯಲ್ಲಿ ಹಲ್ಲಿಲ್ಲ, ಸುಳ್ಳಿಗೆ ಬರವಿಲ್ಲ.

ಒಮ್ಮೆ ಹಿಮದಲ್ಲಿ ಸಿಕ್ಕಿ ಒಂಬತ್ತು ದಿನ:
ಸರಕಿನ ಡಬ್ಬಿಯ ಉಪ್ಪುಮೀನು ಬೇಯಿಸಿ ತಿಂದರು,
ಇಸ್ಪೀಟಾಡಿದರು,
ಯಾರಿಗೋ ಮದುವೆ ಕುದುರಿತು.

ಎಂಬತ್ತೆಂಟರಲ್ಲಿ ನಿಂತಿತು.
ಹಳಿ ಗುಜರಿಗೆ ಹೋಯಿತು.
ಅಡಿಯ ದಿಮ್ಮಿ ಅವನ ಕೋಳಿಗೂಡಿಗೆ ಮೆಟ್ಟಿಲು.

ಡಲ್ಸಿ ಮಾತ್ರ,
ರೈಲೆಂದರೆ ಮಸಿ, ಗಲಾಟೆ,
ಒಗೆದ ಬಟ್ಟೆಗೆ ಹಿಡಿದ ಶನಿ ಎಂದು ಬೈದವಳು,
ಈಗಲೂ ನಾಲ್ಕೂ ಹತ್ತಕ್ಕೆ
ಆಡುತ್ತಿದ್ದ ಮಾತು ನಿಲ್ಲಿಸಿ
ಕಪಾಟಿನ ಪಿಂಗಾಣಿ ಬಟ್ಟಲುಗಳಿಗೆ
ಅಂಗೈ ಅಡ್ಡ ಹಿಡಿಯುತ್ತಾಳೆ.

ಬಟ್ಟಲು ಅಲುಗುವುದಿಲ್ಲ.
ನಿಧಾನದ ರೈಲು.
ದಾಟಲಿ ಎಂದು ನಾವೂ ಕಾಯುತ್ತೇವೆ,
ಚಹಾ ಆರುತ್ತದೆ.